ಕೈವಾರ ಮತ್ತು ದುಂಡನೆಯ ಅಕ್ಷರ

ಒಂದು ಶಾಲೆಯ ಬೀರುವಿನಲ್ಲಿ ಮರದ ಹಳೆಯ ಕೈವಾರವೊಂದಿತ್ತು. ಹೆಣ್ಣುಮಕ್ಕಳಿಗೂ ಗಣಿತದ ರುಚಿ ಹತ್ತಲಿ ಎಂದು ವರ್ಷಕ್ಕೊಮ್ಮೆ ನಡೆಸುವ ಕಮ್ಮಟದ ದಿನ ಮಾತ್ರ ಅದು ಹೊರಗೆ ಬರುತ್ತಿತ್ತು. ಆ ಸಲ ಎಲ್ಲರಿಗಿಂತ ಮೊದಲು ಕೈಚಾಚಿದವಳು ಆರನೇ ತರಗತಿಯ ಶಾಂಭವಿ.

“ತಡಿ ಮಗಳೇ,” ಎಂದಿತು ಕೈವಾರ. “ನನ್ನ ಮೊನೆ ಚೂಪು, ಚುಚ್ಚೀತು. ನಿನ್ನ ಅಕ್ಷರ ದುಂಡಗಿದೆ, ನೀನು ಕೂತು ವರದಿ ಬರಿ. ವೃತ್ತ ಎಳೆಯುವುದನ್ನು ಹುಡುಗರು ನೋಡಿಕೊಳ್ಳುತ್ತಾರೆ.”

ಅದು ಹೇಳಿದ್ದು ಅಕ್ಕರೆಯಿಂದಲೇ. ಶಾಂಭವಿ ಚಾಚಿದ ಕೈಯನ್ನು ಹಿಂದಕ್ಕೆಳೆದು ಪೆನ್ನು ಹಿಡಿದಳು. ಹುಡುಗರು ಕರಿಹಲಗೆಯ ಮೇಲೆ ಹತ್ತು ಸಲ ಕೈವಾರವನ್ನು ತಿರುಗಿಸಿದರು. ಹತ್ತು ಸಲವೂ ಗೆರೆ ಹೊರಟ ಜಾಗಕ್ಕೆ ಬಂದು ಸೇರಲಿಲ್ಲ. ಹಲಗೆಯೇ ಡೊಂಕು ಎಂದು ಕೈವಾರ ಗೊಣಗಿತು.

ಕಮ್ಮಟ ಮುಗಿದ ಮೇಲೆ ವರದಿಯನ್ನೂ ಕೈವಾರವನ್ನೂ ಒಂದೇ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹೊತ್ತು ಹೋಗದೆ ಕೈವಾರ ವರದಿ ಓದಿತು. ಕೊನೆಯಲ್ಲಿ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: ‘ಕೈವಾರದ ತಿರುಪು ಸಡಿಲವಾಗಿದೆ. ಬಿಗಿ ಮಾಡಿದರೆ ವೃತ್ತ ಕೂಡುತ್ತದೆ.’

ಅಕ್ಷರ ಮುತ್ತಿನಂತಿದೆ ಎಂದು ಎಲ್ಲರೂ ಹೊಗಳಿದ್ದರು. ಓದಿದವರು ಒಬ್ಬರೂ ಇರಲಿಲ್ಲ.

ಮರುವರ್ಷ ಬೀರು ತೆರೆದ ಕೂಡಲೇ ಕೈವಾರ ಕೂಗಿತು: “ಶಾಂಭವಿ, ಬಾರಮ್ಮ! ನನ್ನ ತಿರುಪು ನೀನೇ ಬಿಗಿ ಮಾಡು. ಮೊದಲನೇ ವೃತ್ತ ನಿನ್ನದೇ.”

ಶಾಂಭವಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಬೇಡ ತಾತ, ಮೊನೆ ಚುಚ್ಚುತ್ತೆ,” ಎಂದಳು. “ಹುಡುಗರು ನೋಡಿಕೊಳ್ತಾರೆ. ನನ್ನ ಅಕ್ಷರ ದುಂಡಗಿದೆಯಲ್ಲ, ನಾನು ವರದಿ ಬರೀತೀನಿ.”