ಕಾಗದದ ಬೆನ್ನು

ಹೊಳೆದಂಡೆಯ ಮಠದಲ್ಲಿ ಮರುಳಯ್ಯ ಗುರುಗಳ ಮಾತುಗಳನ್ನು ಪ್ರತಿ ಮಾಡುತ್ತಾ ಕೂತಿದ್ದ. ತನ್ನ ಅಕ್ಷರ ಎಂದರೆ ಅವನಿಗೆ ಬಲು ಹೆಮ್ಮೆ.

ಏದುಸಿರು ಬಿಡುತ್ತಾ ದುರುಗಮ್ಮ ಬಂದು ಬಾಗಿಲ ಹೊರಗೆ ನಿಂತಳು.

"ಬುದ್ಧೀ, ಒಂದು ಕಾಗದ ಬರ್ಕೊಡಿ. ಗೌಡರ ಬಾವೀಲಿ ನೀರು ಕುಡಿದ ಅಂತ ನನ್ನ ಮಗನ್ನ ಠಾಣೇಲಿ ಕೂಡಿಹಾಕವ್ರೆ. ಬಿಡಿಸಬೇಕಾದ ಅಮಲ್ದಾರರು ಸಂಜೆಗೆ ಊರು ಬಿಡ್ತಾರಂತೆ."

"ನಾಳೆ ಬಾ. ಇರೋ ಕಾಗದ ಗುರುಗಳ ಮಾತಿಗೇ ಸಾಲದು. ಕಾಗದ ಅಂದ್ರೆ ಸುಮ್ಮನೆಯೇ? ಚಿಂದಿ ಕೊಳೆಸಿ, ಕುಟ್ಟಿ, ಗಂಜಿ ಬಳಿದು, ಕಲ್ಲಲ್ಲಿ ಉಜ್ಜಿ ಮಾಡಿದ್ದು."

"ಚಿಂದಿಗೇನು ಬುದ್ಧಿ, ನಾನುಟ್ಟಿರೋದೇ ಅದು. ಇದ್ರಲ್ಲೇ ಹರ್ಕೊಡ್ಲಾ?"

ಮರುಳಯ್ಯ ಮುಖ ಸಿಂಡರಿಸಿದ. ಅಷ್ಟರಲ್ಲಿ ಇದನ್ನೆಲ್ಲ ಕೇಳಿಸಿಕೊಂಡ ಗುರುಗಳು ಒಳಗಿನಿಂದ ಬಂದರು.

"ಏನು ಬರೀತಿದ್ದೆ? ಓದು."

"‘ಬಾಯಾರಿದವನ ಕುಲ ಕೇಳಬೇಡ, ನೀರು ಕೊಡು.’ ತಮ್ಮದೇ ಮಾತು."

"ಹಿಂದಿನ ಪ್ರತಿಗಳೆಲ್ಲಿ?"

"ರೇಷ್ಮೆ ವಸ್ತ್ರದಲ್ಲಿ ಸುತ್ತಿಟ್ಟಿದ್ದೇನೆ. ಅಮಾವಾಸ್ಯೆಗೆ ಗೌಡರೇ ಬಂದು ಹೂವೇರಿಸುತ್ತಾರೆ."

ಗುರುಗಳ ಕಣ್ಣು ಕೆಂಪಾಯಿತು.

"ಹೂವೇರಿಸ್ತಾನೆ. ಓದ್ತಾನಾ?"

ಗುರುಗಳು ಬಾಗಿಲ ಕಡೆ ಕೈ ತೋರಿಸಿದರು.

"ಈ ತಾಯಿ ಏನು ಕೇಳಿದಳು?"

"ಕಾಗದ."

"ಕೇಳಿದ್ದು ಸರಿಯಾಗೇ ಇದೆ. ಬರೆದು ಕಳಿಸಿದ್ದಕ್ಕೆ ಜನ ಕಾಗದ ಅಂತಾರೆ. ಯಾರಿಗೂ ಮುಟ್ಟದ್ದು ಹೇಗೆ ಕಾಗದವಾಯ್ತೋ? ನೀನು ಮಾಡ್ತಿರೋದು ಹೆಣಕ್ಕೆ ಹೊದಿಸೋ ಬಟ್ಟೆ!"

ಗುರುಗಳು ಹಾಳೆಯನ್ನು ಕಿತ್ತುಕೊಂಡು ಮಗುಚಿ ಹಾಕಿದರು.

"ಬೆನ್ನು ಖಾಲಿ ಇದೆ. ಬರೆ."

"ಆ ಕಡೆ ತಮ್ಮ ವಾಣಿ ಇದೆ, ಗುರುಗಳೇ..."

"ಅಮಲ್ದಾರ ಎರಡೂ ಕಡೆ ಓದಲಿ. ಯಾರು ಹಿಡಿಸಿದರು, ಯಾಕೆ ಹಿಡಿಸಿದರು, ಹೆಸರು ಹಾಕಿ ಬರೆ."

ಮರುಳಯ್ಯನ ಕೈ ತಡೆಯಿತು.

"ಗೌಡರ ಹೆಸರೇ? ಮಠಕ್ಕೆ ಅಕ್ಕಿ ಬರೋದು ಅವರ ಮನೆಯಿಂದ."

"ಹಾಗಾದರೆ ದಪ್ಪ ಅಕ್ಷರದಲ್ಲಿ ಬರೆ."

ಮರುಳಯ್ಯ ಬರೆದ. ದುರುಗಮ್ಮ ಹೆಬ್ಬೆಟ್ಟು ಒತ್ತಿದಳು.

"ಇವಳೊಬ್ಬಳೇ ಹೋದರೆ ಕಚೇರಿ ಬಾಗಿಲಲ್ಲೇ ಗದರಿಸಿ ಅಟ್ಟುತ್ತಾರೆ. ನೀನೂ ಹೋಗು. ಅಮಲ್ದಾರರ ಕೈಗೇ ಕೊಡು."

ಮರುಳಯ್ಯ ಮೆಟ್ಟಿಲಿಳಿದ. ಮನಸ್ಸು ತಡೆಯಲಿಲ್ಲ, ತಿರುಗಿ ನಿಂತ.

"ಬಂದ ಮೇಲೆ ಆ ಮಾತನ್ನು ಇನ್ನೊಂದು ಹಾಳೆಯಲ್ಲಿ ಪ್ರತಿ ಮಾಡಲೇ, ಗುರುಗಳೇ?"

"ಮೊದಲು ಹುಡುಗನ್ನ ಕರಕೊಂಡು ಬಾ. ಅವನು ಬರಲಿಲ್ಲವೋ, ಆ ಮಾತನ್ನು ನಾನು ಆಡೇ ಇಲ್ಲ ಅಂದುಕೋ."