ಅಂಗಡಿಗೊಂದು ಗಡಿಗೆ ಇಟ್ಟ ಮಾಳವ್ವ

ಒಂದಾನೊಂದು ಕಾಲದಲ್ಲಿ, ಕೋಟೆಗಳಿಗೆ ಇನ್ನೂ ಕಾವಲುಗಾರರಿದ್ದ ಕಾಲ ಅಂತಿಟ್ಕೋ, ಹಾಲಪ್ಪ ಅಂತ ಮಂಡಕ್ಕಿ ಭಟ್ಟಿಯವನೊಬ್ಬ ಇದ್ದನಂತೆ. ಕಾಲು ತೆಗಿ ಪುಟ್ಟಿ, ಕೇಳು. ಅವನಿಗೆ ಮೂರು ಜನ ಗಂಡುಮಕ್ಕಳು, ಮೂವರಿಗೂ ಒಂದೊಂದು ಮಂಡಕ್ಕಿ ಅಂಗಡಿ. ದೊಡ್ಡವನು ಕರಿಬಸಪ್ಪಂದು ಕೋಟೆ ಬಾಗಿಲೊಳಗೆ, ನಡುವಿನವಂದು ದನದ ಸಂತೇಲಿ, ಸಣ್ಣವನು ಗುತ್ಯಪ್ಪಂದು ಹೊಳೆ ದಂಡೆ ದೋಣಿಕಟ್ಟೇಲಿ. ದೀಪ ಹಚ್ಚೋ ಹೊತ್ತಿಗೆ ಮೂವರೂ ಬಂದು ದುಡ್ಡನ್ನೆಲ್ಲ ದೇವರ ಮುಂದಿನ ಒಂದೇ ಗಡಿಗೆಗೆ ಸುರೀತಿದ್ದರಂತೆ. ಲಕ್ಷ್ಮಿನ ಬೇರೆ ಬೇರೆ ಮಾಡಬಾರದು ಅಂತ ಅವರ ಮನೆ ಪದ್ಧತಿ. ಭತ್ತ, ಸೌದೆ, ಗಾಡಿ ಬಾಡಿಗೆ ಎಲ್ಲಾ ಅದೇ ಗಡಿಗೆಯಿಂದ.

ಒಂದು ವರ್ಷ ಯುಗಾದಿ ಬಟ್ಟೆಗೆ ಅಂತ ಹಾಲಪ್ಪ ಗಡಿಗೆಗೆ ಕೈ ಹಾಕಿದರೆ ತಳ ಸಿಕ್ಕಿತಂತೆ. ಯಾವುದೋ ಒಂದು ಅಂಗಡಿ ನಮ್ಮನ್ನ ತಿಂತಾ ಇದೆ ಅಂದ. ಎಲ್ಲರೂ ಗುತ್ಯಪ್ಪನ ಮುಖ ನೋಡಿದರು, ಯಾಕಂದ್ರೆ ದಿನಾ ಅವನು ತರೋದು ಒಂದು ಹಿಡಿ, ಕರಿಬಸಪ್ಪ ತರೋದು ಒಂದು ಚೀಲ. ದೋಣಿಕಟ್ಟೆ ಅಂಗಡಿ ಮುಚ್ಚು, ಅಣ್ಣನ ಹತ್ರ ಈರುಳ್ಳಿ ಹೆಚ್ಚಿಕೊಂಡಿರು ಅಂದನಂತೆ ಅಪ್ಪ. ಗುತ್ಯಪ್ಪ ತಲೆ ತಗ್ಗಿಸಿದ. ಅವನ ಹೆಂಡತಿ ಮಾಳವ್ವ ತಗ್ಗಿಸೋ ಪೈಕಿ ಅಲ್ಲ. ಮಾವ, ಬಂದಿದ್ದು ನೋಡಿದಿರಿ, ಹೋಗಿದ್ದು ಯಾರು ನೋಡಿದಾರೆ, ಮೂರು ತಿಂಗಳು ಅಂಗಡಿಗೊಂದು ಗಡಿಗೆ ಇಡ್ತೀನಿ ಅಂದಳಂತೆ. ಲಕ್ಷ್ಮಿ ಮುನಿಸಿಕೊಂಡರೆ ಅಂದ ಮಾವ. ಮೂರಕ್ಕೂ ಅರಿಶಿನ ಕುಂಕುಮ ಹಚ್ತೀನಿ, ಅವಳಿಗೂ ಕಾಲು ಚಾಚಿ ಕೂರೋಕೆ ಜಾಗ ಆಗುತ್ತೆ ಬಿಡಿ ಅಂದಳು.

ಅವಳ ಕಟ್ಟಳೆ ಏನಪ್ಪಾ ಅಂದ್ರೆ, ಯಾವ ಅಂಗಡಿ ದುಡ್ಡೋ ಅದರ ಗಡಿಗೆಗೇ ಹೋಗಬೇಕು, ಯಾವ ಅಂಗಡಿ ಖರ್ಚೋ ಅದರ ಗಡಿಗೆಯಿಂದಲೇ ಬರಬೇಕು.

ಮೊದಲನೇ ತಿಂಗಳು ಸೌದೆಗೆ ಜಗಳ ಬಂತು. ಭಟ್ಟಿ ಒಂದೇ, ಅಂಗಡಿ ಮೂರು. ಸಮ ಹಂಚು ಅಂದ ಕರಿಬಸಪ್ಪ. ಮಾಳವ್ವ ಭಟ್ಟಿ ಮುಂದೆ ಕೂತು ಚೀಲ ಎಣಿಸಿದಳಂತೆ. ಹತ್ತರಲ್ಲಿ ಆರು ಚೀಲ ನಿಮಗೆ ಹೋಯ್ತು ಭಾವ, ಮೂರು ಸಂತೆಗೆ, ಒಂದು ನಮಗೆ, ಭತ್ತ ಸೌದೆ ಖರ್ಚೂ ಹಂಗೇ ಅಂದಳು. ಆಮೇಲೆ ಎರಡನೇ ತಿಂಗಳು ಅಮಾವಾಸ್ಯೆಗೆ ಮೊದಲೇ ಕರಿಬಸಪ್ಪನ ಗಡಿಗೆ ಬರಿದು. ನಿಮ್ಮದರಿಂದ ಒಂದು ಹಿಡಿ ಹಾಕು ತಂಗಿ, ಯಾರಿಗೂ ಗೊತ್ತಾಗಲ್ಲ ಅಂದನಂತೆ. ಗೊತ್ತಾಗ್ಲಿ ಅಂತಲೇ ಭಾವ ಇಟ್ಟಿರೋದು ಅಂದಳು. ದೋಣಿಕಟ್ಟೆ ಗಡಿಗೇಲಿ ಬರೋದು ಸಣ್ಣದೇ, ಆದರೆ ಗುತ್ಯಪ್ಪ ಚೀಲ ತಲೆ ಮೇಲೇ ಹೊತ್ಕೊಂಡು ಹೋಗ್ತಿದ್ದ, ಗಾಡಿ ಬಾಡಿಗೆ ಇಲ್ಲ, ಹೋಗೋದು ಆ ಒಂದು ಪಾಲು ಭತ್ತ ಸೌದೆಗಷ್ಟೇ, ಹಂಗಾಗಿ ತುಂಬ್ತಾ ಬಂತಂತೆ.

ಮೂರನೇ ತಿಂಗಳು ಕರಿಬಸಪ್ಪನ ಮೀಸೆ ಇಳೀತು. ಈಗ ನನ್ನ ಅಂಗಡಿ ಮುಚ್ಚಿಸ್ತೀಯಾ ತಂಗಿ ಅಂದ. ಮುಚ್ಚೋಕೆ ಯಾಕೆ ಆತುರ, ತೂತು ಎಲ್ಲಿದೆ ನೋಡೋಣ ಅಂತ ಮಾಳವ್ವ ಬೆಳಿಗ್ಗೆಯಿಂದ ಕೋಟೆ ಬಾಗಿಲಲ್ಲಿ ಕೂತಳಂತೆ. ಚೀಲಕ್ಕೊಂದು ಸುಂಕ, ಜಾಗಕ್ಕೆ ಬಾಡಿಗೆ, ಆಮೇಲೆ ಕಾವಲುಗಾರರು ಒಬ್ಬೊಬ್ಬರೂ ಬಂದು, ಏನ್ ಸಾಹುಕಾರ್ರೇ, ಗರಿಗರಿ ಇದೆಯಾ ಅಂತ ಒಂದೊಂದು ಹಿಡಿ ಬಾಯಿಗೆ. ಸಂಜೆಗೆ ಎರಡು ಚೀಲ ಬರೀ ರುಚಿ ನೋಡೋದರಲ್ಲೇ ಖಾಲಿ. ಸಾಹುಕಾರ್ರೇ ಅನ್ನಿಸಿಕೊಳ್ಳೋಕೆ ದಿನಕ್ಕೆ ಎರಡು ಚೀಲ ಬೇಕು ನೋಡಿ ಭಾವ ಅಂದಳಂತೆ.

ಮಾರನೇ ದಿನವೇ ಅಂಗಡಿನ ಕೋಟೆ ಹೊರಗೆ, ಕಂದಕದ ಆಚೆ ದಂಡೆಗೆ ಹಾಕಿಸಿದಳು. ಸುಂಕ ಇಲ್ಲ, ಬಾಡಿಗೆ ಇಲ್ಲ. ಕಾವಲುಗಾರರು ಬಾಗಿಲು ಬಿಟ್ಟು ಬರೋ ಹಾಗಿಲ್ಲ, ಕಾಸು ಕೊಟ್ಟು ತರಿಸಿಕೊಂಡು ತಿಂದರಂತೆ.

ಆಮೇಲೆ ಹಾಲಪ್ಪ ಒಂದು ಸಂಜೆ ದೋಣಿಕಟ್ಟೆಗೆ ಬಂದು, ಮೆಟ್ಟಿಲ ಮೇಲೆ ಕೂತು, ಒಂದು ಸೇರು ಮಂಡಕ್ಕಿ ಹಾಕಿಸಿಕೊಂಡು ದುಡ್ಡು ಚಾಚಿದನಂತೆ. ನಿಮ್ಮ ಹತ್ರ ದುಡ್ಡು ತಗೊಳ್ಳೋದಾ ಅಪ್ಪ ಅಂದ ಗುತ್ಯಪ್ಪ. ತಗೋ ಮಗಾ, ನಿನ್ನ ಅಂಗಡಿಗೆ ಬರಬೇಕಾದ್ದು ಇಷ್ಟು ದಿನ ನಾನೇ ನೋಡಲಿಲ್ಲ ಅಂದನಂತೆ ಮುದುಕ.

ಮುಂದಿನ ಯುಗಾದಿ ಬಟ್ಟೇಲಿ ಮೊದಲ ಸೀರೆ ಮಾಳವ್ವಂದೇ. ಅವರು ಮೂರು ಅಂಗಡೀಲೂ ಸುಖವಾಗಿದ್ದರು, ನಮ್ಮ ಕತೆ ಇಲ್ಲಿಗೆ ಮುಗೀತು, ಮಲಕ್ಕೋ ಪುಟ್ಟಿ.