ಸಾಹೇಬರ ಲುಮೆಲಾ

ಆಫ್ರಿಕಾದ ಬೆಟ್ಟಗಳ ರಾಜ್ಯ ಲೆಸೊಥೊದಲ್ಲಿ ಬ್ರಿಟಿಷರ ದರ್ಬಾರು ನಡೆಯುತ್ತಿದ್ದ ಕಾಲ. ಹೊಸದಾಗಿ ಬಂದ ಸಾಹೇಬನೊಬ್ಬ ಮೊದಲ ದಿನವೇ ಅಪ್ಪಣೆ ಹೊರಡಿಸಿದ: ತನ್ನನ್ನು ಕಂಡವರು ಕುದುರೆಯಿಂದಿಳಿದು ಸಲಾಮು ಹೊಡೆಯಬೇಕು, ಇಲ್ಲದಿದ್ದರೆ ಕುದುರೆ ಸರ್ಕಾರದ ಪಾಲು. ಕುದುರೆಯಿಲ್ಲದೆ ಆ ಬೆಟ್ಟಗಳಲ್ಲಿ ಬದುಕುವುದು ಹೇಗೆ? ಜನ ಕಂಗಾಲಾದರು.

ಮಾರನೆಯ ದಿನ ಸಾಹೇಬ ಕುದುರೆಯೇರಿ ಮೇಲಿನ ಹಳ್ಳಿಗೆ ಹೊರಟ. ಲಗಾಮು ಹಿಡಿದು ಮುಂದೆ ನಡೆದವನು ಲಾಯದ ಆಳು ಮೊಖೆಲೆ. ಕಡಿದಾದ ದಾರಿಯಲ್ಲಿ ಮುದುಕಿಯೊಬ್ಬಳು ಎದುರಾದಳು. ಮೊಖೆಲೆ ಮೆಲ್ಲಗೆ ಲಗಾಮು ಜಗ್ಗಿದ. ಕುದುರೆ ನಿಂತುಬಿಟ್ಟಿತು.

"ಯಾಕೋ ನಿಂತಿತು?"

"ಇದು ಇಲ್ಲಿಯ ಕುದುರೆ, ದೊರೆ. ಮೇಲೆ ಕೂತವರು ಎದುರಾದವರಿಗೆ 'ಲುಮೆಲಾ' ಅಂತ ನಮಸ್ಕಾರ ಹೇಳದಿದ್ದರೆ ಮುಂದೆ ಹೋಗೋದಿಲ್ಲ. ಬೈದರೆ ಹಿಂದಕ್ಕೆ ಸರಿಯುತ್ತೆ."

ಸಾಹೇಬ ಹಿಂದಿನ ಪ್ರಪಾತ ನೋಡಿದ. ಟೋಪಿ ತೆಗೆದು "ಲುಮೆಲಾ" ಎಂದ. ಕುದುರೆ ಹೊರಟಿತು. ಆಮೇಲೆ ಕುರಿ ಕಾಯುವವರು, ನೀರು ಹೊರುವವರು, ಯಾರನ್ನೂ ಅದು ಬಿಡಲಿಲ್ಲ.

ಹಳ್ಳಿ ಮುಟ್ಟುವಷ್ಟರಲ್ಲಿ ಸಾಹೇಬನ ಗಂಟಲು ಒಣಗಿತ್ತು. ಊರಿನ ಮುಖ್ಯಸ್ಥ ಓಡಿಬಂದು ಕೈ ಹಿಡಿದುಕೊಂಡ.

"ಇಷ್ಟು ವಿನಯವಂತ ಸಾಹೇಬರನ್ನು ನಾವು ಕಂಡೇ ಇರಲಿಲ್ಲ. ಆ ಸಲಾಮಿನ ಅಪ್ಪಣೆ ಯಾರೋ ಪೋಲಿಗಳು ನಿಮ್ಮ ಹೆಸರಲ್ಲಿ ಹಬ್ಬಿಸಿದ್ದು, ಅಲ್ಲವೇ?"

ಊರೆಲ್ಲ ಪ್ರೀತಿಯಿಂದ ನೋಡುತ್ತಿತ್ತು. ಸಾಹೇಬ ಕೆಮ್ಮಿದ.

"ಹೌದು, ಶುದ್ಧ ಸುಳ್ಳು."

ಮೊಖೆಲೆ ತಲೆ ತಗ್ಗಿಸಿ ಕುದುರೆಗೆ ಹುಲ್ಲು ಹಾಕತೊಡಗಿದ.